ತೊರವೆಯ ನರಸಿಂಹನ ಗುಡಿ

ಒಂದು ಊರಿನ ಹೆಸರು ಮೊದಲು ಕಿವಿಗೆ ಬಿದ್ದು, ಊರು ಬಹುಕಾಲದ ಮೇಲೆ ಕಣ್ಣಿಗೆ ಬೀಳುವುದುಂಟು. ತೊರವೆ ನನ್ನ ಪಾಲಿಗೆ ಅಂಥ ಊರು. ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಶ್ರಾವಣದ ಇರುಳುಗಳಲ್ಲಿ ತೊರವೆ ರಾಮಾಯಣದ ವಾಚನ ನಡೆಯುತ್ತಿತ್ತು. ಅರ್ಥ ಹೇಳುವ ಹಿರಿಯರು ಕಂಬಕ್ಕೆ ಒರಗಿ ಕುಳಿತು ಸಾವಕಾಶವಾಗಿ ಬಿಡಿಸಿ ಹೇಳುತ್ತಿದ್ದರು. ನಾನು ಅಜ್ಜಿಯ ಮಡಿಲಿನಲ್ಲಿ ನಿದ್ದೆಗೂ ಎಚ್ಚರಕ್ಕೂ ನಡುವೆ ಇರುತ್ತಿದ್ದೆ. ಅಯೋಧ್ಯೆ, ಕಿಷ್ಕಿಂಧೆ, ಲಂಕೆಗಳ ಜೊತೆಯಲ್ಲಿಯೇ ತೊರವೆಯೆಂಬ ಮಾತೂ ಬರುತ್ತಿದ್ದುದರಿಂದ, ಅದೂ ರಾಮನ ಕಾಲದ ಯಾವುದೋ ಪಟ್ಟಣವಿರಬೇಕೆಂದು ನಂಬಿದ್ದೆ. ಮುಂದೆ ಅಥಣಿಯಿಂದ ವಿಜಾಪುರಕ್ಕೆ ಎಷ್ಟೋ ಸಲ ಬಸ್ಸಿನಲ್ಲಿ ಓಡಾಡಿದೆ. ತಿಕೋಟಾ ಹಿಂದೆ ಬಿದ್ದು ಪಟ್ಟಣ ಹತ್ತಿರವಾಗುವ ಹೊತ್ತಿಗೆ ಕಂಡಕ್ಟರ್ "ತೊರವಿ ಇಳಿಯವ್ರು ಯಾರ ಅದೀರಿ?" ಎಂದು ಕೂಗುತ್ತಿದ್ದ. ಆ ತೊರವಿಯೇ ಈ ತೊರವೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಅಡ್ಡ ಬಂದುದು ಒಂದೇ ಒಂದು ಸ್ವರ. ನಮ್ಮ ಕಡೆಯ ಮಾತಿನಲ್ಲಿ ಮನೆ ಮನಿಯಾಗುತ್ತದೆ, ಕೆರೆ ಕೆರಿಯಾಗುತ್ತದೆ, ತಲೆ ತಲಿಯಾಗುತ್ತದೆ. ಅದೇ ನಿಯಮಕ್ಕೆ ಒಳಪಟ್ಟು ಕವಿಯ ತೊರವೆ ಜನರ ಬಾಯಲ್ಲಿ ತೊರವಿಯಾಗಿದೆ. ದಿನವೂ ಮನಿಯೆನ್ನುವ ನಾನು ಈ ಸರಳವಾದ ಲೆಕ್ಕವನ್ನು ಮಾಡಲಾರದೆ ಹೋದೆನಲ್ಲ ಎಂದು ಇಂದಿಗೂ ನಗು ಬರುತ್ತದೆ.

ವಿಜಾಪುರಕ್ಕೆ ೨೦೧೪ರಲ್ಲಿ ಅದರ ಹಳೆಯ ಹೆಸರಾದ ವಿಜಯಪುರವೇ ಮರಳಿ ಬಂದಿದೆ. ಆ ನಗರದಿಂದ ಪಡುವಣ ದಿಕ್ಕಿಗೆ ಹೊರಡುವ ದಾರಿಗಳಲ್ಲಿ ಒಂದು ಬಬಲೇಶ್ವರದ ಮೇಲೆ ಜಮಖಂಡಿಯ ಕಡೆಗೆ ಸಾಗುತ್ತದೆ, ಇನ್ನೊಂದು ತಿಕೋಟಾದ ಮೇಲೆ ಅಥಣಿಗೆ. ಈ ಎರಡನೆಯ ದಾರಿಯಲ್ಲಿ ೫-೬ ಕಿಲೋಮೀಟರು ನಡೆದರೆ ತೊರವಿ. ೨೦೦೩ರಲ್ಲಿ ಸ್ಥಾಪನೆಗೊಂಡು ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯದ ಆವರಣ ಇಲ್ಲಿಯೇ ಇರುವುದರಿಂದ, ಇಂದು ಈ ಹೆಸರನ್ನು ಕೇಳಿದವರಿಗೆ ಮೊದಲು ನೆನಪಾಗುವುದು ಪುಸ್ತಕ ಹಿಡಿದ ಹೆಣ್ಣುಮಕ್ಕಳು. ರಾಮಾಯಣ ನೆನಪಾಗುವುದು ಆಮೇಲೆ. ಊರ ದೇವರಾದ ನರಸಿಂಹ ಅದಕ್ಕೂ ಆಮೇಲೆ. ಆದರೆ ಕಾಲದ ಲೆಕ್ಕದಲ್ಲಿ ಅವನೇ ಮೊದಲಿನವನು.

ಗುಡಿ ನೆಲದ ಮೇಲೆ ತಲೆ ಎತ್ತಿ ನಿಂತುದಲ್ಲ. ಶಿಖರವನ್ನು ದೂರದಿಂದ ಕಂಡು ಕೈಮುಗಿಯುವ ಅಭ್ಯಾಸದವರಿಗೆ ಇಲ್ಲಿ ಕೈಮುಗಿಯಲು ಏನೂ ಕಾಣದು. ಮೆಟ್ಟಿಲಿಳಿದು, ಇಕ್ಕಟ್ಟಾದ ಹಾದಿಯಲ್ಲಿ ತಲೆ ತಗ್ಗಿಸಿಕೊಂಡು, ನೆಲದ ಒಡಲಿಗೆ ಹೋಗಬೇಕು. ವೈಶಾಖದ ಬಿಸಿಲಿನಲ್ಲಿ ಬಂದವನಿಗೆ ಒಳಗಿನ ತಂಪೇ ಮೊದಲ ಪ್ರಸಾದ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ದೀಪ, ದೀಪದ ಬೆಳಕಿನಲ್ಲಿ ದೇವರು. ದೇವರೇಕೆ ಹೀಗೆ ನೆಲದೊಳಗೆ ಎಂದು ನಾನು ಅಲ್ಲಿ ಕುಳಿತಿದ್ದ ಒಬ್ಬ ಹಿರಿಯರನ್ನು ಕೇಳಿದೆ. ಅವರು, "ದೇವರು ಇದ್ದಲ್ಲೇ ಅದಾನ್ರೀ. ಮ್ಯಾಲೆ ಬಂದವರು ನಾವು" ಎಂದರು. ಅದನ್ನು ವೇದಾಂತವೆಂದು ತಿಳಿದು ತಲೆದೂಗಿದೆ. ಆದರೆ ಆ ಮಾತಿನಲ್ಲಿ ಭೂಶೋಧನೆಯವರು ಒಪ್ಪುವ ನಿಜವೂ ಉಂಟು. ಹಳೆಯ ಊರುಗಳಲ್ಲಿ ಬಿದ್ದ ಮನೆಯ ಮಣ್ಣಿನ ಮೇಲೆ ಹೊಸ ಮನೆ ಏಳುತ್ತದೆ, ಅದು ಬಿದ್ದ ಮೇಲೆ ಇನ್ನೊಂದು. ಊರು ತಲೆಮಾರಿನಿಂದ ತಲೆಮಾರಿಗೆ ಏರುತ್ತ ಹೋಗುತ್ತದೆ. ಗುಡಿಯನ್ನು ಯಾರೂ ಕೆಡವಿ ಕಟ್ಟುವುದಿಲ್ಲವಾದ್ದರಿಂದ ಅದು ಇದ್ದಲ್ಲಿಯೇ ಉಳಿದು, ನೋಡುವವರಿಗೆ ಇಳಿದಂತೆ ತೋರುತ್ತದೆ.

ಜನರಲ್ಲಿ ಬಳಕೆಯಲ್ಲಿರುವ ಐತಿಹ್ಯ ಬೇರೆ. ನೆಲದಲ್ಲಿ ಅಡಗಿದ ಯಾವ ಗುಡಿಯನ್ನು ಕಂಡರೂ ನಮ್ಮವರು ಹೇಳುವ ಮಾತು ಒಂದೇ: ದಾಳಿಗೆ ಅಂಜಿ ದೇವರನ್ನು ಬಚ್ಚಿಟ್ಟರು. ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥನ ವಿಗ್ರಹದ ವಿಷಯದಲ್ಲಿಯೂ, ಅದು ನೆಲದಲ್ಲಿ ಹುದುಗಿದ್ದು ಮುಂದೆ ಬೆಳಕಿಗೆ ಬಂದಿತೆಂಬ ಕತೆಯುಂಟು. ಈ ಅಂಜಿಕೆಯನ್ನು ಬರಿಯ ಕಟ್ಟುಕತೆಯೆಂದು ತಳ್ಳಿಹಾಕುವುದು ಪ್ರಾಮಾಣಿಕವಾಗದು. ವಿಜಯಪುರದ ಅರಕಿಲ್ಲೆಯಲ್ಲಿ ೧೩೨೦ರ ಕರೀಮುದ್ದೀನನ ಮಸೀದಿಯಿದೆ. ಅದರ ಕಂಬಗಳನ್ನು ಕಂಡವನಿಗೆ ಅವು ಮೊದಲು ದೇವಾಲಯದಲ್ಲಿದ್ದುವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಕಟ್ಟಿದವನು ಸಾಲೋಟಗಿಯ ಸೂತ್ರಧಾರನೊಬ್ಬನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ನಮ್ಮ ನೆಲದ ಕಲ್ಲು, ನಮ್ಮ ನೆಲದ ಕೈ, ಕಟ್ಟಿಸಿದ ಒಡೆಯ ಮಾತ್ರ ಹೊಸಬ. ೧೫೬೫ರ ರಕ್ಕಸಗಿ-ತಂಗಡಗಿಯ ಕಾಳಗದ ನಂತರ ಹಂಪೆಗೆ ಆದ ಗತಿಯನ್ನೂ ಈ ಸೀಮೆಯವರು ಕೇಳಿಯೇ ಇದ್ದರು. ಅಂಜಲು ಕಾರಣಗಳಿದ್ದುವು.

ಆದರೂ ತೊರವೆಯ ಮಟ್ಟಿಗೆ ಈ ಐತಿಹ್ಯವನ್ನು ನಾನು ಸುಲಭವಾಗಿ ಒಪ್ಪಲಾರೆ. ನನ್ನ ಸಾಕ್ಷಿ ಶಾಸನವಲ್ಲ, ಕಾವ್ಯ. ಈ ಊರಿನ ನರಹರಿಯೆಂಬ ಕವಿ ಕುಮಾರವಾಲ್ಮೀಕಿಯೆಂಬ ಹೆಸರಿನಿಂದ ಭಾಮಿನೀ ಷಟ್ಪದಿಯಲ್ಲಿ ರಾಮಾಯಣವನ್ನು ಬರೆದ. ೫೦೦೦ಕ್ಕೂ ಮಿಕ್ಕ ಪದ್ಯಗಳ ಕೃತಿ. ಅವನು ಕೃತಿಯನ್ನು ಒಪ್ಪಿಸಿದ್ದು ಯಾವ ದೊರೆಗೂ ಅಲ್ಲ, ತನ್ನೂರಿನ ನರಸಿಂಹನಿಗೆ. ಕವಿಯ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ೧೬ನೆಯ ಶತಮಾನದ ಆದಿಯೆನ್ನುತ್ತಾರೆ, ಕೆಲವರು ಅದರ ಅಂತ್ಯವೆನ್ನುತ್ತಾರೆ. ಈ ಚರ್ಚೆ ಹೇಗೆ ಮುಗಿದರೂ ನಮ್ಮ ಪ್ರಶ್ನೆಗೆ ಉತ್ತರ ಬದಲಾಗದು. ಆದಿಲಶಾಹಿ ಮನೆತನ ವಿಜಾಪುರದಲ್ಲಿ ಬೇರೂರಿದುದು ೧೫ನೆಯ ಶತಮಾನದ ಕೊನೆಯ ದಶಕದ ಹೊತ್ತಿಗೆ, ಅಳಿದುದು ೧೬೮೬ರಲ್ಲಿ. ಕವಿಯನ್ನು ಆದಿಯಲ್ಲಿಡಿ, ಅಂತ್ಯದಲ್ಲಿಡಿ, ಅವನು ಬರೆದದ್ದು ಆದಿಲಶಾಹಿಗಳ ಆಳಿಕೆಯಲ್ಲಿ, ಅವರ ರಾಜಧಾನಿಯಿಂದ ಒಂದೆರಡು ಗಳಿಗೆಯ ನಡಿಗೆಯಷ್ಟು ದೂರದಲ್ಲಿ. ದೇವರನ್ನು ಮರೆಮಾಡಬೇಕಾದ ಊರಿನವನೊಬ್ಬ ಆ ದೇವರ ಹೆಸರನ್ನೂ ಊರಿನ ಹೆಸರನ್ನೂ ಕೂಡಿಯೇ ಸಾರುವ ಕಾವ್ಯವನ್ನು ಬರೆದಾನೆ? ಬರೆದುದನ್ನು ಊರೂರಿನ ಪಡಸಾಲೆಗಳಲ್ಲಿ ಓದಿಸಿಯಾರೆ? ಬಚ್ಚಿಟ್ಟ ಹೊನ್ನಿನ ಜಾಗವನ್ನು ಯಾರೂ ಹಾಡಿಕೊಂಡು ತಿರುಗುವುದಿಲ್ಲ.

ಕವಿ ಆದಿಯವನಾದರೆ, ಗುಡಿ ಅವನ ಕಾಲದ ನಂತರ ಅಡಗಿರಬಾರದೇಕೆ ಎಂದು ಕೇಳುವವರು ಕೇಳಬಹುದು. ಹಾಗೆಂದು ಹುಡುಕಿದರೆ ಅಂಜಲು ಕಾರಣ ಯಾವ ಕಾಲದಲ್ಲಾದರೂ ಸಿಕ್ಕೀತು. ಆದರೆ ಅಂಜಿಕೆಯನ್ನು ತರದೆಯೂ ಈ ಗುಡಿಯ ಸ್ವರೂಪಕ್ಕೆ ಸಮಾಧಾನ ಹೇಳಬಹುದು. ನರಸಿಂಹ ಮೂಲತಃ ಗುಹೆಯ ದೇವರು. ಕಂಬದ ಒಳಗಿದ್ದು ಹೊರಬಂದವನು ಅವನು. ಒಳಗೆ ಇರುವುದು ಅವನ ಸ್ವಭಾವ. ಬೀದರದ ಝರಣೀ ನರಸಿಂಹನನ್ನು ಕಾಣಲು ಹೋದವರಿಗೆ ಗೊತ್ತು: ಸುರಂಗದಲ್ಲಿ ಎದೆಮಟ್ಟದ ನೀರನ್ನು ಸೀಳಿಕೊಂಡು ನಡೆದು, ಕೊನೆಯಲ್ಲಿ ಬಂಡೆಯ ಮೇಲೆ ದೇವರನ್ನು ನೋಡಬೇಕು. ಅಹೋಬಲದಲ್ಲಿಯೂ ಗುಹೆಗಳುಂಟು. ಬೀದರ, ತೊರವೆ ಎರಡೂ ಸುಲ್ತಾನರ ರಾಜಧಾನಿಗಳಿಗೆ ಹತ್ತಿರವಿರುವುದರಿಂದ ಜನ ಅಂಜಿಕೆಯ ಕತೆಯನ್ನು ಕಟ್ಟಿದರೋ ಏನೋ. ಅಹೋಬಲದ ನರಸಿಂಹ ಯಾರಿಗೆ ಅಂಜಿ ಗುಹೆ ಸೇರಿದ ಎಂದು ಯಾರೂ ಕೇಳುವುದಿಲ್ಲ.

ಇಲ್ಲಿ ಕವಿಯ ವಿಚಾರವನ್ನು ತುಸು ಬೆಳೆಸಬೇಕು. ಕುಮಾರವಾಲ್ಮೀಕಿಯೆಂಬ ಹೆಸರೇ ಕುಮಾರವ್ಯಾಸನನ್ನು ನೆನೆದು ಇಟ್ಟುಕೊಂಡದ್ದು. ಗದುಗಿನ ನಾರಣಪ್ಪನಿಗೆ ವೀರನಾರಾಯಣನಿದ್ದಂತೆ ತೊರವೆಯ ನರಹರಿಗೆ ನರಸಿಂಹ. ಗದುಗಿನಲ್ಲಿ ಕವಿ ಕುಳಿತ ಕಂಬವನ್ನು ತೋರಿಸುತ್ತಾರೆ, ಮೈಮೇಲಿನ ಒದ್ದೆ ಬಟ್ಟೆ ಒಣಗುವವರೆಗೆ ಮಾತ್ರ ಅವನಿಗೆ ಕಾವ್ಯ ಹರಿಯುತ್ತಿತ್ತೆಂಬ ಕತೆಯನ್ನು ಹೇಳುತ್ತಾರೆ. ಇಬ್ಬರದೂ ಒಂದೇ ಛಂದಸ್ಸು, ಮೂರು ನಾಲ್ಕು ಮಾತ್ರೆಗಳು ಒಂದರ ಬೆನ್ನಿಗೊಂದು ಬರುವ ನಡಿಗೆ. ಪ್ರತಿಭೆಯಲ್ಲಿ ಇವರಿಬ್ಬರನ್ನು ತೂಗಿ ನೋಡುವ ಗೀಳು ನಮ್ಮ ವಿಮರ್ಶೆಗೆ ಮೊದಲಿನಿಂದಲೂ ಇದೆ. ತೂಗಿದವರೆಲ್ಲ ತಕ್ಕಡಿಯನ್ನು ಗದುಗಿನ ಕಡೆಗೆ ಬಾಗಿಸಿದರು. ನಾನೂ ಅವರೊಡನೆಯೇ ಇದ್ದೇನೆ. ಆದರೆ ಯುದ್ಧಕಾಂಡವನ್ನು ಗಟ್ಟಿಯಾಗಿ ಓದಿಸಿ ಕೇಳದೆ ಈ ತೀರ್ಪನ್ನು ಕೊಡಬಾರದು.

ಯುದ್ಧಕಾಂಡವೇ ಈ ಕಾವ್ಯದ ಬೆನ್ನೆಲುಬು. ಉಳಿದ ಐದು ಕಾಂಡಗಳನ್ನು ಕೂಡಿಸಿದರೂ ಅದರ ಗಾತ್ರಕ್ಕೆ ಸಮವಾಗವು. ಕಾವ್ಯದ ಅಳತೆ ಇದರಿಂದ ಕೆಟ್ಟಿತೆಂಬ ಆಕ್ಷೇಪಣೆಯುಂಟು. ಕವಿಗೆ ಇಷ್ಟೊಂದು ಯುದ್ಧ ಏಕೆ ಬೇಕಾಯಿತು? ನನಗೆ ಹೊಳೆದ ಒಂದು ಉತ್ತರ ಆ ಗುಡಿಯ ಕತ್ತಲೆಯಲ್ಲಿ ಕುಳಿತಾಗ ಹೊಳೆದದ್ದು. ಪುರಾಣದ ಪ್ರಕಾರ ವೈಕುಂಠದ ಬಾಗಿಲು ಕಾಯುವ ಜಯವಿಜಯರು ಶಾಪದಿಂದ ಮೊದಲ ಜನ್ಮದಲ್ಲಿ ಹಿರಣ್ಯಾಕ್ಷ ಹಿರಣ್ಯಕಶಿಪುಗಳು, ಎರಡನೆಯ ಜನ್ಮದಲ್ಲಿ ರಾವಣ ಕುಂಭಕರ್ಣರು. ಎಂದಮೇಲೆ ನರಸಿಂಹನ ಭಕ್ತನಿಗೆ ರಾವಣ ಹೊಸಬನಲ್ಲ. ತನ್ನೂರ ದೇವರು ಒಮ್ಮೆ ತೊಡೆಯ ಮೇಲೆ ಮಲಗಿಸಿ ಸೀಳಿದ ಅದೇ ಜೀವ ಈಗ ಹತ್ತು ತಲೆ ಹೊತ್ತು ಬಂದಿದೆ. ಆ ಜೀವದ ಎರಡನೆಯ ಸಾವನ್ನು ಕವಿ ಅವಸರದಲ್ಲಿ ಮುಗಿಸಲಾರ. ಆದುದರಿಂದಲೇ ಅವನ ರಾವಣ ಬರಿಯ ದುಷ್ಟನಾಗಿ ಸಾಯುವುದಿಲ್ಲ. ಕಡೆಯ ಕಾಳಗಕ್ಕೆ ಹೊರಡುವ ಮುನ್ನ ಎದುರಿಗಿರುವವನು ಯಾರೆಂಬುದು ಅವನಿಗೆ ತಿಳಿದಿದೆ. ಭಂಡಾರದ ಬಾಗಿಲು ತೆರೆಸಿ ಸಂಪತ್ತನ್ನೆಲ್ಲ ದಾನಮಾಡುತ್ತಾನೆ, ಸೆರೆಯಲ್ಲಿದ್ದವರನ್ನು ಬಿಡಿಸುತ್ತಾನೆ, ಆಮೇಲೆ ಬಿಲ್ಲು ಹಿಡಿಯುತ್ತಾನೆ. ಇಡೀ ಕಾವ್ಯದಲ್ಲಿ ನನಗೆ ಮೇಲಾಗಿ ಕಂಡ ಭಾಗ ಇದೇ.

ಇನ್ನೂ ಒಂದು ಸೋಜಿಗವುಂಟು. ಇದಕ್ಕೆ ನಾನೂರು ವರ್ಷಗಳ ಹಿಂದೆ, ೧೧೦೦ರ ಸುಮಾರಿನಲ್ಲಿ, ನಾಗಚಂದ್ರನೆಂಬ ಜೈನಕವಿ ಇದೇ ವಿಜಯಪುರದಲ್ಲಿ ಮಲ್ಲಿನಾಥನಿಗೆ ಜಿನಾಲಯವನ್ನು ಕಟ್ಟಿಸಿದ. ಪಂಪರಾಮಾಯಣವೆಂದು ಹೆಸರಾದ ರಾಮಚಂದ್ರಚರಿತಪುರಾಣದ ಕವಿ ಅವನೇ. ಅವನ ರಾವಣನೂ ಕಡೆಯಲ್ಲಿ ಮನಸ್ಸು ತಿರುಗಿಸಿಕೊಂಡು ಪಶ್ಚಾತ್ತಾಪಪಡುವವನು. ಮತ ಬೇರೆ, ಕತೆಯ ಕಟ್ಟು ಬೇರೆ, ಕೊಲ್ಲುವವನೂ ಬೇರೆ. ಅಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಆದರೂ ರಾವಣನಿಗೆ ಮನುಷ್ಯನ ಮರ್ಯಾದೆ ಕೊಟ್ಟ ಎರಡು ಕನ್ನಡ ರಾಮಾಯಣಗಳು ಒಂದೇ ಹೋಬಳಿಯಷ್ಟು ನೆಲದಲ್ಲಿ ಹುಟ್ಟಿದುವು. ತೊರವೆಯವನು ನಾಗಚಂದ್ರನನ್ನು ಓದಿದ್ದನೆಂದು ಸಾಧಿಸುವ ಹಟ ನನಗಿಲ್ಲ. ನಾಗಚಂದ್ರನ ಜಿನಾಲಯದಿಂದ ಇಂದು ನಮಗೆ ಉಳಿದಿರುವುದು ಅವನ ಕಾವ್ಯದಲ್ಲಿಯ ಸುದ್ದಿ. ತೊರವೆಯ ಗುಡಿಯಲ್ಲಿ ದೀಪ ಉರಿಯುತ್ತಿದೆ.

ಗುಡಿಯಿಂದ ಮೇಲೆ ಬಂದು ಸುತ್ತ ನೋಡಿದರೆ ಕಾಣುವುದು ಬೇರೆಯೇ ಲೋಕ. ತೊರವೆಯ ಬಯಲಿನಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ ೧೫೯೯ರಲ್ಲಿ ನವರಸಪುರವೆಂಬ ಹೊಸ ಪಟ್ಟಣಕ್ಕೆ ಕೈಹಾಕಿದ. ಸಂಗೀತವೆಂದರೆ ಪ್ರಾಣ ಬಿಡುವ ಅರಸು ಅವನು. ಜನ ಅವನನ್ನು ಜಗದ್ಗುರುವೆಂದರು. ತನ್ನ ತಂಬೂರಿಗೆ ಮೋತಿಖಾನನೆಂಬ ಹೆಸರಿಟ್ಟು ಪ್ರೀತಿಸಿದ. ದಖನಿ ಭಾಷೆಯಲ್ಲಿ ರಾಗಗಳಿಗೆ ಹೊಂದಿಸಿ ಬರೆದ ಅವನ 'ಕಿತಾಬೆ ನವರಸ'ದಲ್ಲಿ ಸರಸ್ವತಿಯ ಸ್ತುತಿಯುಂಟು, ಗಣಪತಿಯುಂಟು, ಪ್ರವಾದಿಯುಂಟು, ಕಲಬುರ್ಗಿಯ ಬಂದೇನವಾಜರೂ ಉಂಟು. ನವರಸವೆಂಬ ಮಾತು ಅವನಿಗೆ ಹುಚ್ಚು ಹಿಡಿಸಿತ್ತು. ನಮಗೆ ಅದು ಒಂಬತ್ತು ರಸ, ಪಾರಸಿಯವರಿಗೆ ಹೊಸದಾಗಿ ಮಾಗಿದ್ದು; ಎರಡು ಭಾಷೆಗಳಲ್ಲಿ ಎರಡು ಅರ್ಥ ಕೊಡುವ ಆ ಶಬ್ದವನ್ನು ಅವನು ನಾಣ್ಯಕ್ಕಿಟ್ಟ, ಅರಮನೆಗಿಟ್ಟ, ಹಬ್ಬಕ್ಕಿಟ್ಟ, ಕೊನೆಗೆ ಪಟ್ಟಣಕ್ಕೂ ಇಟ್ಟ.

ಅರಸನನ್ನು ಕುರಿತ ಐತಿಹ್ಯಗಳೂ ಹೇರಳ. ಅರಕಿಲ್ಲೆಯ ಕಂದಕದ ಬಳಿ ಅಶ್ವತ್ಥದ ಬುಡದಲ್ಲಿ ನರಸೋಬನ ಗುಡಿಯಿದೆ. ಅದು ದತ್ತಸಂಪ್ರದಾಯದ್ದು, ನೃಸಿಂಹಸರಸ್ವತಿಯ ಪಾದುಕೆಗಳಿಗೆ ಸೇರಿದ್ದು. ಇಬ್ರಾಹಿಂ ಅಲ್ಲಿ ನಡೆದುಕೊಳ್ಳುತ್ತಿದ್ದನೆಂದು ವಿಜಯಪುರದವರು ಇಂದಿಗೂ ಹೇಳುತ್ತಾರೆ. ಕೃಷ್ಣೆಯ ದಂಡೆಯ ನರಸೋಬನ ವಾಡಿಯಲ್ಲಿ, ಆದಿಲಶಾಹನ ಕುರುಡು ಮಗಳಿಗೆ ಕಣ್ಣು ಬಂದುದರಿಂದ ಅವನು ಹಳ್ಳಿಗಳನ್ನು ಉಂಬಳಿ ಬಿಟ್ಟನೆಂಬ ಕತೆಯಿದೆ. ಯತಿಯಾದ ನೃಸಿಂಹನೂ ಕಂಬದ ನರಸಿಂಹನೂ ಜನರ ಮನಸ್ಸಿನಲ್ಲಿ ಬೆರೆತುಹೋಗುವುದು ಸುಲಭ. ಸುಲ್ತಾನರಿಗೆ ಅಂಜಿ ನರಸಿಂಹ ನೆಲ ಹೊಕ್ಕನೆನ್ನುವ ಜನವೇ, ಸುಲ್ತಾನ ನರಸೋಬನ ಪಾದ ಹಿಡಿದನೆಂದೂ ಹೇಳುತ್ತಾರೆ. ಎರಡೂ ಒಂದೇ ಬಾಯಲ್ಲಿ, ಒಮ್ಮೊಮ್ಮೆ ಒಂದೇ ಸಂಜೆಯಲ್ಲಿ ಬರುತ್ತವೆ.

ನವರಸಪುರ ಮಾತ್ರ ಮುಗಿಯಲಿಲ್ಲ. ರಾಜಧಾನಿಯನ್ನು ವಿಜಾಪುರದಿಂದ ಕದಲಿಸಿದರೆ ಕೇಡು ತಪ್ಪದೆಂದು ಜೋಯಿಸರು ಹೇಳಿದರಂತೆ, ಕೆಲಸ ನಿಂತಿತು. ಈ ದಾರಿಯ ಐತಿಹ್ಯಗಳಲ್ಲಿ ಜೋಯಿಸರ ಪಾತ್ರ ಸಣ್ಣದಲ್ಲ. ಸಮೀಪದಲ್ಲಿಯೇ ಒಂದು ಕಟ್ಟೆಯ ಮೇಲೆ ೬೦ಕ್ಕೂ ಮಿಕ್ಕ ಗೋರಿಗಳು ಸಾಲಾಗಿವೆ. ೧೬೫೯ರಲ್ಲಿ ಶಿವಾಜಿಯ ಮೇಲೆ ಹೊರಟ ಅಫಜಲಖಾನನಿಗೆ ಜೋಯಿಸರು ನೀನು ಮರಳಿ ಬರಲಾರೆಯೆಂದರೆಂದೂ, ಅವನು ತನ್ನ ಹೆಂಡಿರನ್ನೆಲ್ಲ ಕೊಲ್ಲಿಸಿ ಹೋದನೆಂದೂ ಕತೆ. ನವರಸಪುರವನ್ನು ಜೋಯಿಸರು ಅರ್ಧಕ್ಕೆ ನಿಲ್ಲಿಸಿದರೆ, ಉಳಿದರ್ಧವನ್ನು ೧೬೨೪ರಲ್ಲಿ ಮಲಿಕ್ ಅಂಬರ್ ಲೂಟಿಮಾಡಿ ಮುಗಿಸಿದ. ಇಂದು ಎದ್ದು ಕಾಣುವುದು ಸಂಗೀತಮಹಲಿನ ದೊಡ್ಡ ಕಮಾನು, ಅದರ ಮುಂದಿನ ಹೊಂಡ, ಹೊಂಡದ ಸುತ್ತ ಮೇಯುವ ಆಡುಗಳು.

ಅರಸರ ಕೆಲಸಗಳಲ್ಲಿ ತೊರವೆಗೆ ನಿಜವಾಗಿ ಸೇರಿದುದು ಕಮಾನಲ್ಲ, ನೀರು. ಅದೂ ಗುಡಿಯಂತೆಯೇ ನೆಲದೊಳಗಿನದು. ಒಂದನೆಯ ಅಲಿ ಆದಿಲಶಾಹನ ಕಾಲದಿಂದ ವಿಜಾಪುರ ತೊರವೆಯ ಕಡೆಯಿಂದ ಬರುವ ನೀರನ್ನು ಕುಡಿಯಿತು. ಇರಾನಿನಲ್ಲಿ ಬಳಕೆಯಲ್ಲಿದ್ದ ಕರೇಜ್ ಪದ್ಧತಿ ಅದು. ಎತ್ತರದ ನೆಲದಲ್ಲಿ ನೀರಿನ ಸೆಲೆಯನ್ನು ಹಿಡಿದು, ಅಲ್ಲಿಂದ ಪಟ್ಟಣದವರೆಗೆ ತೀರ ಸಣ್ಣ ಇಳಿಜಾರಿನಲ್ಲಿ ಸುರಂಗವನ್ನು ಕೊರೆಯುತ್ತಾರೆ. ನಡುನಡುವೆ ಗಾಳಿಗಾಗಿಯೂ ಹೂಳೆತ್ತಲಿಕ್ಕಾಗಿಯೂ ಬಾವಿಯಂಥ ಕಂಡಿಗಳನ್ನು ಬಿಡುತ್ತಾರೆ. ಎತ್ತು ಬೇಡ, ಕಪಲಿ ಬೇಡ. ನೀರು ತನ್ನ ಭಾರದಿಂದಲೇ ನಡೆದು ಬರುತ್ತದೆ, ಬಿಸಿಲಿಗೆ ಆರುವುದೂ ಇಲ್ಲ. ಪಟ್ಟಣದೊಳಗೆ ಗಂಜುಗಳೆಂಬ ಗೋಪುರಗಳು ಅದರ ಒತ್ತಡವನ್ನು ತಗ್ಗಿಸಿ ಮುಂದಕ್ಕೆ ಹಂಚುತ್ತಿದ್ದುವು. ತೊರವೆಯ ಸುರಂಗ ಬಾವಡಿ ಈ ವ್ಯವಸ್ಥೆಯ ಭಾಗ. ದಖ್ಖನದ ಹಳೆಯ ಜಲವ್ಯವಸ್ಥೆಗಳನ್ನು ವಿಶ್ವ ಸ್ಮಾರಕ ನಿಧಿಯವರು ತಮ್ಮ ೨೦೨೦ರ ಪಟ್ಟಿಗೆ ಸೇರಿಸಿಕೊಂಡಾಗ ಇದರ ಹೆಸರು ಪತ್ರಿಕೆಗಳಲ್ಲಿ ಬಂದಿತು. ಸುಲ್ತಾನನ ಕೆಲಸಗಾರರು ಈ ನೆಲವನ್ನು ಇಷ್ಟು ಬಗೆದು ಅಗೆದವರು. ಅವರ ಕಣ್ಣಿಗೆ ಬೀಳದಂತೆ ಇದೇ ನೆಲದೊಳಗೆ ಒಂದು ಗುಡಿ ಬಚ್ಚಿಟ್ಟುಕೊಂಡಿತ್ತೆಂದು ನಂಬುವುದು ನನಗೆ ಕಷ್ಟ. ಅವರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ನೀರನ್ನು ಮಾತ್ರ ಒಯ್ದರು ಎಂದೇ ನನ್ನ ಎಣಿಕೆ.

ನೀರು ವಿಜಾಪುರಕ್ಕೆ ಹೋದರೆ ಕಾವ್ಯ ಇನ್ನೂ ದೂರ ಹೋಯಿತು. ಕಡಲ ತಡಿಯ ಕುಂಬಳೆಯಲ್ಲಿ, ಇಂದಿನ ಕಾಸರಗೋಡಿನ ನೆಲದಲ್ಲಿ, ಪಾರ್ತಿಸುಬ್ಬ ರಾಮಾಯಣದ ಕತೆಯನ್ನು ಯಕ್ಷಗಾನಕ್ಕೆ ಅಳವಡಿಸಿದಾಗ ಮುಖ್ಯವಾಗಿ ಆಧರಿಸಿದ್ದು ತೊರವೆ ರಾಮಾಯಣವನ್ನು. ಎರೆಹೊಲದ ಊರಿನ ರಾವಣ ತೆಂಗಿನ ತೋಟಗಳ ನಡುವೆ ಕಿರೀಟ ಕಟ್ಟಿ ಚೆಂಡೆಯ ಪೆಟ್ಟಿಗೆ ಕುಣಿದ. ಅಲ್ಲಿ ರಾತ್ರಿಯಿಡೀ ಕುಳಿತು ಆಟ ನೋಡಿದವರಲ್ಲಿ ತೊರವೆಯ ದಾರಿ ಬಲ್ಲವರು ಎಷ್ಟು ಮಂದಿ ಇದ್ದಾರು!

ನಾನು ತೊರವೆಯಿಂದ ತಿಕೋಟಾಕ್ಕೆ ಹೊರಟ ಸಂಜೆಯ ಬಸ್ಸಿನಲ್ಲಿ ಪಕ್ಕದಲ್ಲಿ ಬಬಲೇಶ್ವರದ ಕಡೆಯ ಒಬ್ಬ ವೃದ್ಧರು ಕುಳಿತಿದ್ದರು. ತಿಕೋಟಾದಲ್ಲಿ ದ್ರಾಕ್ಷಿ ತೋಟ ಮಾಡಿದ ಮಗಳ ಮನೆಗೆ ಹೊರಟವರು. ಎಲ್ಲಿಗೆ ಹೋಗಿದ್ದೆಯೆಂದು ಕೇಳಿದರು, ಹೇಳಿದೆ. ಅವರಿಗೆ ಓದು ಬಾರದು. ಆದರೆ ಅವರ ಅಜ್ಜನ ಕಾಲದಲ್ಲಿ ಊರ ಹನುಮಪ್ಪನ ಗುಡಿಯಲ್ಲಿ ಶ್ರಾವಣದ ಉದ್ದಕ್ಕೂ ತೊರವೆಯ ಪುರಾಣ ನಡೆಯುತ್ತಿತ್ತಂತೆ. ಪದ್ಯ ಏನಾದರೂ ನೆನಪಿದೆಯೆ ಎಂದು ಕೇಳಿದೆ. "ಪದ ಏನೂ ನೆನಪಿಲ್ಲೋ ತಮ್ಮಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ರಾವಣ ದಾನಾ ಮಾಡೋ ದಿನಾ ಮಾತ್ರ ನೆನಪೈತಿ. ಅವತ್ತ ನಮ್ಮ ಗುಡ್ಯಾಗ ಹುಡುಗರಿಗೆಲ್ಲಾ ಬೆಲ್ಲಾ ಪುಠಾಣಿ ಹಂಚ್ತಿದ್ರು" ಎಂದರು.